ಕೀಲೆಣ್ಣೆಯ ಕೆಲಸ ತುಂತುರಿನಿಂದ ಆದೀತೆ?

ಕಟ್ಟಿಗೆ ಗಾಲಿಯ ಚಕ್ಕಡಿಗಳ ಕಾಲದಲ್ಲಿ ಉತ್ತರ ಕರ್ನಾಟಕದ ರೈತ ಕೀಲೆಣ್ಣೆಯಿಲ್ಲದೆ ದೂರದ ದಾರಿ ಹಿಡಿಯುತ್ತಿರಲಿಲ್ಲ. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿದ ಈ ಜಿಡ್ಡು ಅಚ್ಚಿಗೂ ಗಾಲಿಗೂ ನಡುವೆ ನಿಂತು ಸವೆತ ತಡೆಯುತ್ತಿತ್ತು. ಔಡಲ ಎಣ್ಣೆ ಮಂದವಾದದ್ದು, ಲೋಹಕ್ಕೆ ಗಟ್ಟಿಯಾಗಿ ಅಂಟುವಂಥದು. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗಳಿಗೂ ಇದೇ ಎಣ್ಣೆ ಬಳಕೆಯಾಗಿತ್ತು.

ಈಗ ಗದಗ–ಕೊಪ್ಪಳ ರೈಲು ಮಾರ್ಗದ ತಳಕಲ್‌ನಂಥ ಊರುಗಳಲ್ಲೂ ಟ್ರ್ಯಾಕ್ಟರ್, ಬೈಕು, ಪಂಪ್‌ಸೆಟ್‌ಗಳು ಬಂದಿವೆ. ಅವುಗಳ ಜೊತೆಗೆ ಒತ್ತಿದರೆ ತುಂತುರು ಚಿಮ್ಮಿಸುವ ಡಬ್ಬಿಯೂ ಬಂದಿದೆ. ಇವುಗಳಲ್ಲಿ ಹೆಸರಾದದ್ದು ಡಬ್ಲ್ಯುಡಿ-40. ಅಮೆರಿಕದ ಸ್ಯಾನ್ ಡಿಯಾಗೊದ ರಾಕೆಟ್ ಕೆಮಿಕಲ್ ಕಂಪನಿ 1953ರಲ್ಲಿ ಇದನ್ನು ರೂಪಿಸಿತು. ಹೆಸರಿನ ಅರ್ಥ ‘ನೀರನ್ನು ಹೊರದೂಡುವ ದ್ರವ, 40ನೇ ಪ್ರಯತ್ನ’ ಎಂದು. ಅಟ್ಲಾಸ್ ಕ್ಷಿಪಣಿಯ ಹೊರಕವಚವನ್ನು ತುಕ್ಕಿನಿಂದ ಕಾಯಲು ಬಳಸಿದ ಈ ದ್ರವ 1958ರಲ್ಲಿ ಡಬ್ಬಿಯಲ್ಲಿ ಅಂಗಡಿಗೆ ಬಂತು.

ಇದರ ಗುಣವೂ ಮಿತಿಯೂ ಆ ಹೆಸರಿನಲ್ಲೇ ಅಡಗಿವೆ. ಡಬ್ಬಿಯಲ್ಲಿ ಹೆಚ್ಚಿನ ಪಾಲು ಆರಿಹೋಗುವ ತೆಳು ದ್ರಾವಕ. ಎಣ್ಣೆಯ ಅಂಶ ಕಡಿಮೆ. ತೆಳುವಾದ್ದರಿಂದಲೇ ಅದು ತುಕ್ಕಿನ ಸಂದಿಗೆ ಇಳಿದು ನೀರನ್ನು ಸರಿಸುತ್ತದೆ. ದ್ರಾವಕ ಆರಿದ ಮೇಲೆ ಉಳಿಯುವುದು ಎಣ್ಣೆಯ ಒಂದು ತೆಳು ಪೊರೆ ಮಾತ್ರ.

ಹಾಗಾಗಿ ಬಿಗಿದ ನಟ್ಟು-ಬೋಲ್ಟು ಸಡಿಲಿಸಲು ಇದು ಒಳ್ಳೆಯ ಸಾಧನ. ತುಂತುರು ಹೊಡೆದು ಹದಿನೈದು–ಇಪ್ಪತ್ತು ನಿಮಿಷ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಪಾನಾ ಹಾಕಬೇಕು. ಅವಸರಪಟ್ಟರೆ ಬೋಲ್ಟಿನ ತಲೆಯೇ ಮುರಿದೀತು. ಕುಡುಗೋಲು, ಇಕ್ಕಳಗಳನ್ನು ಒರೆಸಿಡಲು, ಕಿರುಗುಟ್ಟುವ ಬಾಗಿಲಿನ ಸದ್ದಡಗಿಸಲು, ಡಬ್ಬಿಗಳ ಮೇಲಿನ ಚೀಟಿಯ ಅಂಟು ತೆಗೆಯಲು ಕೂಡ ಬರುತ್ತದೆ.

ಆದರೆ ಸದಾ ತಿರುಗುವ, ಭಾರ ಹೊರುವ ಭಾಗಗಳಿಗೆ ಇದೊಂದೇ ಸಾಲದು. ಬೇರಿಂಗಿಗೆ ಹೊಡೆದರೆ ಒಳಗಿನ ಗ್ರೀಸ್ ಕರಗಿ ಹೊರಬರುತ್ತದೆ. ಸದ್ದು ನಾಲ್ಕು ದಿನ ನಿಂತು, ಸವೆತ ಹೆಚ್ಚುತ್ತದೆ. ಸೈಕಲ್ ಚೈನನ್ನು ತುಂತುರಿನಿಂದ ತೊಳೆದು ಒರೆಸಿದ ಮೇಲೆ ಎಣ್ಣೆ ಬಿಡಲೇಬೇಕು. ಹೊಲಿಗೆ ಯಂತ್ರಕ್ಕೆ ಅದರದೇ ಎಣ್ಣೆ ಬೇಕು. ಎರೆ ನೆಲದ ದೂಳಿನ ಊರಿನಲ್ಲಿ ಬೀಗದೊಳಗೆ ಎಣ್ಣೆಗಿಂತ ಪೆನ್ಸಿಲ್ಲಿನ ಗ್ರಾಫೈಟ್ ಪುಡಿ ಮೇಲು. ಅದಕ್ಕೆ ದೂಳು ಅಂಟದು.

ಬ್ರೇಕಿನ ಹತ್ತಿರ ಮಾತ್ರ ಈ ಡಬ್ಬಿ ಸುಳಿಯಲೇಬಾರದು. ಕಿರುಗುಟ್ಟುವ ಬ್ರೇಕಿಗೆ ಒಮ್ಮೆ ಹೊಡೆದರೆ ಸದ್ದಿನೊಡನೆ ಹಿಡಿತವೂ ಹೋಗುತ್ತದೆ. ಆಮೇಲೆ ಇಳಿಜಾರಿನಲ್ಲಿ ಗಾಡಿ ನಿಲ್ಲದು. ತುಂತುರು ಬೆಂಕಿ ಹತ್ತುವಂಥದು. ಆದ್ದರಿಂದ ಉರಿಯುವ ಒಲೆಯ ಬಳಿ, ವಿದ್ಯುತ್ ಹರಿಯುತ್ತಿರುವ ಮೋಟಾರಿನ ಮೇಲೆ ಬಳಸುವುದು ಅಪಾಯ. ಡಬ್ಬಿ ಖಾಲಿಯಾದರೂ ಬೆಂಕಿಗೆ ಎಸೆದರೆ ಸಿಡಿಯುತ್ತದೆ.

ಬಿಗಿದದ್ದನ್ನು ಬಿಡಿಸುವುದು ಒಂದು ಕೆಲಸ, ಬಿಟ್ಟದ್ದನ್ನು ಸವೆಯದಂತೆ ಓಡಿಸುವುದು ಇನ್ನೊಂದು. ಮೊದಲನೆಯದಕ್ಕೆ ತುಂತುರು ಸಾಕು. ಎರಡನೆಯದಕ್ಕೆ ಕೀಲೆಣ್ಣೆಯ ಜಾಗದಲ್ಲಿ ಇಂದು ಗ್ರೀಸ್ ಬಂದಿದ್ದರೂ, ಜಿಡ್ಡು ಬೇಕೆಂಬ ಹಳೆಯ ಚಕ್ಕಡಿಯವನ ಲೆಕ್ಕ ಬದಲಾಗಿಲ್ಲ.