ಸಹಿಯ ಕಾಗದ ಕೈದಾಟುವ ಮುನ್ನ

ಶಿವಮೊಗ್ಗದ ಅಡಿಕೆ ವಹಿವಾಟಿನವರಿಗಾಗಲಿ, ಭದ್ರಾವತಿಯ ಕಾರ್ಮಿಕ ಕುಟುಂಬಗಳಿಗಾಗಲಿ ಪ್ರಾಮಿಸರಿ ನೋಟು ಅಪರಿಚಿತವಲ್ಲ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಬಿದ್ದರೆ ವ್ಯವಹಾರ ಮುಗಿಯಿತೆಂದೇ ಉಭಯತ್ರರೂ ಭಾವಿಸುತ್ತಾರೆ. ಆದರೆ ಆ ಪತ್ರ ಇಬ್ಬರ ನಡುವೆಯೇ ಉಳಿಯಬೇಕೆಂದಿಲ್ಲ. ಮೂರನೆಯವರ ಕೈಗೆ ದಾಟುವ ಶಕ್ತಿಯನ್ನು ಕಾನೂನೇ ಅದಕ್ಕೆ ನೀಡಿದೆ. ಸಹಿ ಹಾಕುವವರು ಸಾಮಾನ್ಯವಾಗಿ ಗಮನಿಸದ ಅಂಶ ಇದು.

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 4ನೇ ಕಲಮಿನಂತೆ ಪ್ರಾಮಿಸರಿ ನೋಟು ಲಿಖಿತವಾಗಿರಬೇಕು, ಕೊಡುವವನ ಸಹಿಯಿರಬೇಕು, ನಿಶ್ಚಿತ ಮೊತ್ತವನ್ನು ಹಣದ ರೂಪದಲ್ಲಿಯೇ ಕೊಡುವ ಬೇಷರತ್ತಾದ ವಾಗ್ದಾನವಿರಬೇಕು. ‘ಈ ಸಲದ ಅಡಿಕೆಗೆ ಒಳ್ಳೆಯ ಧಾರಣೆ ಬಂದರೆ ಕೊಡುವೆ’ ಎಂಬುದು ಷರತ್ತು. ‘50 ಸಾವಿರ ರೂಪಾಯಿ ಮತ್ತು ಎರಡು ಮೂಟೆ ಅಡಿಕೆ’ ಎಂದರೆ ಅದು ಹಣ ಮಾತ್ರವಲ್ಲ. ‘ಲೆಕ್ಕದಲ್ಲಿ ಬಾಕಿಯಾದಷ್ಟು’ ಎಂದರೆ ಮೊತ್ತ ನಿಶ್ಚಿತವಲ್ಲ. ಇವು ಬೇರೆ ಬಗೆಯ ಕರಾರುಗಳಾಗಬಹುದು, ಪ್ರಾಮಿಸರಿ ನೋಟುಗಳಾಗಲಾರವು.

ಇನ್ನು ವರ್ಗಾವಣೆಯ ಮಾತು. ‘ಇಂಥವರಿಗೆ ಅಥವಾ ಅವರು ಸೂಚಿಸಿದವರಿಗೆ’ ಎಂದು ಬರೆದರೆ ಮಾತ್ರ ಪತ್ರ ಕೈದಾಟುತ್ತದೆ ಎಂಬ ನಂಬಿಕೆಯುಂಟು. ಅದು ಸರಿಯಲ್ಲ. 13ನೇ ಕಲಮಿನ ವಿವರಣೆಯಂತೆ ಬರಿಯ ಹೆಸರಿದ್ದರೂ ಸಾಕು; ವರ್ಗಾವಣೆಯನ್ನು ನಿಷೇಧಿಸುವ ಮಾತು ಪತ್ರದಲ್ಲಿ ಇಲ್ಲದಿದ್ದರೆ ಅದು ವರ್ಗಾವಣೀಯವೇ. ಹಿಂಬದಿಯಲ್ಲಿ ಸಹಿ ಮಾಡಿ ಹಸ್ತಾಂತರಿಸಿದರೆ ಹಕ್ಕೂ ದಾಟುತ್ತದೆ.

ಇದರ ಪರಿಣಾಮವನ್ನು ಊಹಿಸಿ ನೋಡಬಹುದು. ಭದ್ರಾವತಿಯ ರೈತನೊಬ್ಬ ಪಂಪ್‌ಸೆಟ್ಟಿನ ಬೆಲೆಗಾಗಿ, ಆರು ತಿಂಗಳ ಗಡುವಿಟ್ಟು, ನೋಟು ಬರೆದುಕೊಟ್ಟನೆನ್ನೋಣ. ಪಂಪ್‌ಸೆಟ್ಟು ಬರಲೇ ಇಲ್ಲ. ಮಾರಾಟಗಾರನೇ ದಾವೆ ಹೂಡಿದರೆ ರೈತ ಈ ಸಂಗತಿಯನ್ನು ಮುಂದಿಟ್ಟು ಪಾರಾಗಬಹುದು. ಆದರೆ ಗಡುವಿಗೆ ಮೊದಲೇ, ಹಿನ್ನೆಲೆಯ ದೋಷವನ್ನು ಶಂಕಿಸಲು ಕಾರಣವಿಲ್ಲದೆ, ಶಿವಮೊಗ್ಗದ ವ್ಯಾಪಾರಿಯೊಬ್ಬ ಹಣ ತೆತ್ತು ಆ ನೋಟನ್ನು ಪಡೆದಿದ್ದರೆ? 43ನೇ ಕಲಮು ಆತನ ವಸೂಲಿಯ ಹಕ್ಕನ್ನು ಕಾಯುತ್ತದೆ. ಪಂಪ್‌ಸೆಟ್ಟಿನ ಕಥೆ ಕಾಗದದೊಡನೆ ಪಯಣಿಸುವುದಿಲ್ಲ.

ಖಾಲಿ ಪತ್ರಕ್ಕೆ ಸಹಿ ಹಾಕುವುದು ಇನ್ನೂ ಅಪಾಯಕರ. 20ನೇ ಕಲಮಿನಂತೆ ಮುದ್ರಾಂಕವುಳ್ಳ ಖಾಲಿ ಕಾಗದಕ್ಕೆ ಸಹಿಮಾಡಿ ಕೊಟ್ಟರೆ, ಆ ಮುದ್ರಾಂಕಕ್ಕೆ ಒಳಪಡುವ ಮೊತ್ತದವರೆಗೆ ಅದನ್ನು ತುಂಬುವ ಅಧಿಕಾರವನ್ನೂ ಕೊಟ್ಟಂತೆ. ಒಪ್ಪಿದ್ದಕ್ಕಿಂತ ಹೆಚ್ಚು ತುಂಬಿದರೆ ಮೂಲ ಸಾಲಿಗನಿಗೆ ಹೆಚ್ಚುವರಿ ದಕ್ಕದು. ಪ್ರಾಮಾಣಿಕವಾಗಿ ಹಣ ಕೊಟ್ಟು ಪಡೆದ ಮೂರನೆಯವನಿಗೆ ದಕ್ಕೀತು.

ಕಾನೂನು ಹೀಗೇಕೆ ಎಂಬ ಪ್ರಶ್ನೆ ಸಹಜ. ಪ್ರತಿ ಪತ್ರದ ಪೂರ್ವಕಥೆಯನ್ನೂ ಶೋಧಿಸಬೇಕಾದರೆ ವಾಣಿಜ್ಯದಲ್ಲಿ ಕಾಗದಕ್ಕೆ ಬೆಲೆಯೇ ಇರದು. ಆ ವಿಶ್ವಾಸದ ಬೆಲೆಯನ್ನು ತೆರುವವನು ಮಾತ್ರ ಸಹಿ ಮಾಡಿದವನು.

ಕಿರುಸಾಲ ವಸೂಲಿಯ ಬಲಾತ್ಕಾರವನ್ನು ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಅದು ಬೇಕಾದುದೇ. ಆದರೆ ಸಹಿಗೆ ಮುಂಚಿನ ಎಚ್ಚರವನ್ನು ಯಾವ ಕಾನೂನೂ ತಂದುಕೊಡದು. ಮೊತ್ತ, ದಿನಾಂಕ, ಹೆಸರು ತುಂಬದೆ ಸಹಿ ಹಾಕಕೂಡದು. ಕಂತು ಕಟ್ಟಿದಾಗ ಪತ್ರದ ಮೇಲೆಯೇ ನಮೂದಿಸಬೇಕು. ಸಾಲ ತೀರಿಸಿದಾಗ ನೋಟನ್ನು ಮರಳಿ ಪಡೆಯುವ ಹಕ್ಕು 81ನೇ ಕಲಮಿನಲ್ಲಿದೆ, ಸಂಕೋಚಪಡದೆ ಕೇಳಬೇಕು. ವ್ಯವಹಾರ ಇಬ್ಬರಲ್ಲೇ ಉಳಿಯಬೇಕಾದರೆ ‘ಈ ಪತ್ರವನ್ನು ವರ್ಗಾಯಿಸತಕ್ಕದ್ದಲ್ಲ’ ಎಂದು ಸಹಿಗೆ ಮೊದಲೇ ಬರೆಯಿಸಬೇಕು. ಆ ಒಂದು ಸಾಲಿಗೆ ಒಪ್ಪದ ಸಾಲಿಗನ ಇಂಗಿತವೇನೆಂದು ಆಗಲೇ ಯೋಚಿಸುವುದು ಲೇಸು.