ಮುಟ್ಟಿಗೂ ಮುಂಚಿನ ಎರಡು ವರ್ಷ

ಮಗಳು ದೊಡ್ಡವಳಾದ ದಿನವನ್ನು ನಮ್ಮ ಮನೆಗಳು ಮರೆಯುವುದಿಲ್ಲ. ಆರತಿ, ಚಿಗಳಿ, ಕೊಬ್ಬರಿ-ಬೆಲ್ಲ ಎಲ್ಲವೂ ಊರು ಬಿಟ್ಟು ಬಂದು ನವಿ ಮುಂಬಯಿಯ ಸಾನಪಾಡಾದ ಫ್ಲ್ಯಾಟುಗಳಲ್ಲೂ ಉಳಿದುಕೊಂಡಿವೆ. ಆದರೆ ವೈದ್ಯರ ಲೆಕ್ಕದಲ್ಲಿ ಮೊದಲ ಮುಟ್ಟು ಈ ಬೆಳವಣಿಗೆಯ ಆರಂಭವಲ್ಲ, ಅದರ ಕೊನೆಯ ಘಟ್ಟಗಳಲ್ಲಿ ಒಂದು. ಆರಂಭವಾಗಿರುವುದು ಸುಮಾರು ಎರಡು ವರ್ಷ ಮುಂಚೆ, ಮೊಲೆತೊಟ್ಟಿನ ಕೆಳಗೆ ಕೈಗೆ ಸಿಗುವ ಸಣ್ಣ ಗಟ್ಟಿ ಗಂಟಿನಿಂದ. ಎಷ್ಟೋ ಸಲ ಅದು ಒಂದೇ ಕಡೆ ಮೊದಲು ಏಳುತ್ತದೆ, ಮುಟ್ಟಿದರೆ ನೋಯುತ್ತದೆ. ಆಟದಲ್ಲಿ ಏಟು ಬಿದ್ದಿರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ, ಇಲ್ಲವೇ ಕ್ಯಾನ್ಸರ್ ಎಂದು ಹೆದರುತ್ತಾರೆ. ಹೆಣ್ಣುಮಗುವಿಗೆ 8 ತುಂಬುವ ಮೊದಲೇ ಈ ಗಂಟು ಕಂಡರೆ, ಗಂಡುಮಗುವಿಗೆ 9 ತುಂಬುವ ಮೊದಲೇ ವೃಷಣ ದೊಡ್ಡದಾದರೆ ಅದು ಅಕಾಲದ ಬೆಳವಣಿಗೆ. ನಾವು ಲೆಕ್ಕ ಇಡಬೇಕಾದದ್ದು ಇಲ್ಲಿಂದ. ಮುಟ್ಟಿನವರೆಗೆ ಕಾದರೆ ಚಿಕಿತ್ಸೆಯ ಬೆಲೆಬಾಳುವ ಕಾಲ ಕಳೆದುಹೋಗಿರುತ್ತದೆ.

ಕಾರಣ ಮೂಳೆಯಲ್ಲಿದೆ. ಈಸ್ಟ್ರೋಜನ್ ಹಾರ್ಮೋನು ಮಗುವನ್ನು ಸರ್ರನೆ ಎತ್ತರಕ್ಕೆ ಬೆಳೆಸುತ್ತದೆ, ಜೊತೆಗೇ ಮೂಳೆಯ ತುದಿಯಲ್ಲಿರುವ ಬೆಳೆಯುವ ಪದರವನ್ನು ಬೇಗ ಮುಚ್ಚಿಸುತ್ತದೆ. ಹಾಗಾಗಿ ಎರಡನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದವಾಗಿದ್ದ ಹುಡುಗಿ ಹತ್ತನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡವಾಗಿ ಉಳಿಯಬಹುದು. ಮನೆಯವರು ಅತ್ಯಂತ ಖುಷಿಪಡುವ ಹೊತ್ತಿನಲ್ಲೇ ತೊಂದರೆ ಶುರುವಾಗಿರುತ್ತದೆ ಎಂಬುದೇ ಇಲ್ಲಿನ ಕಷ್ಟ. ಎಡಗೈಯ ಒಂದು ಎಕ್ಸ್-ರೇ ಮೂಳೆಯ ವಯಸ್ಸನ್ನು ಹೇಳಿಬಿಡುತ್ತದೆ. ಮೂಳೆ ವಯಸ್ಸಿಗಿಂತ ಬಹಳ ಮುಂದೆ ಓಡಿದ್ದರೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಆ ಓಟವನ್ನು ತಡೆಹಿಡಿಯುತ್ತದೆ. ಆರು ವರ್ಷದೊಳಗಿನವರಿಗೆ ಎತ್ತರದ ಲಾಭ ಹೆಚ್ಚು, ಎಂಟರ ಆಸುಪಾಸಿನವರಿಗೆ ಕಡಿಮೆ.

‘ಈಗಿನ ಮಕ್ಕಳೇ ಹೀಗೆ, ಅದಕ್ಕೂ ಡಾಕ್ಟರಾ?’ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, 1977ರಿಂದ 2013ರವರೆಗೆ ಹೆಣ್ಣುಮಕ್ಕಳಲ್ಲಿ ಸ್ತನ ಮೂಡುವ ವಯಸ್ಸು ಹತ್ತು ವರ್ಷಕ್ಕೆ ಸುಮಾರು ಮೂರು ತಿಂಗಳಂತೆ ಹಿಂದೆ ಸರಿದಿದೆ. ಒಂಬತ್ತು ವರ್ಷದ ಹುಡುಗಿಯಲ್ಲಿ ಈ ಚಿಹ್ನೆ ಕಂಡರೆ ಗಾಬರಿ ಬೇಕಿಲ್ಲ. ಆದರೆ ಸಾಮಾನ್ಯವಾದದ್ದೆಲ್ಲ ನಿರಪಾಯವಲ್ಲ. ಕೋವಿಡ್ ಲಾಕ್‌ಡೌನಿನ ನಂತರ ಇಟಲಿಯಲ್ಲೂ, ನಮ್ಮ ಪಕ್ಕದ ಪುಣೆಯಲ್ಲೂ ವೈದ್ಯರು ಅಕಾಲದಲ್ಲಿ ಬೆಳೆದ ಹೆಣ್ಣುಮಕ್ಕಳ ಸಂಖ್ಯೆ ಏರಿದ್ದನ್ನು ದಾಖಲಿಸಿದರು. ಆಟ ನಿಂತದ್ದು, ತೂಕ ಏರಿದ್ದು, ಮೊಬೈಲು, ನಿದ್ದೆಗೇಡು ಎಲ್ಲದರ ಮೇಲೂ ಅನುಮಾನವಿದೆ. ಬೊಜ್ಜಿನ ನಂಟಂತೂ ಹೆಣ್ಣುಮಕ್ಕಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಪ್ಯಾಕೆಟ್ ಹಾಲನ್ನೂ ಬ್ರಾಯ್ಲರ್ ಕೋಳಿಯನ್ನೂ ಬೈಯುವ ಬದಲು ಸಂಜೆ ಮಕ್ಕಳನ್ನು ಬಿಲ್ಡಿಂಗಿನ ಕೆಳಗೆ ಆಡಲು ಬಿಡುವುದು ಹೆಚ್ಚು ಉಪಯೋಗದ ಕೆಲಸ. ಬ್ರಾಯ್ಲರ್ ಕೋಳಿ ಬೇಗ ಬೆಳೆಯುವುದು ಹಾರ್ಮೋನಿನಿಂದಲ್ಲ, ತಳಿಯಿಂದ.

ಇನ್ನೊಂದು ಆಕ್ಷೇಪ ಇಂಜೆಕ್ಷನ್ನಿನದು: ಮುಂದೆ ಮಕ್ಕಳಾಗದಿದ್ದರೆ? ಈ ಔಷಧಿ 1980ರ ದಶಕದಿಂದ ಬಳಕೆಯಲ್ಲಿದೆ. ನಿಲ್ಲಿಸಿದ ಮೇಲೆ ಬೆಳವಣಿಗೆ ಮತ್ತೆ ಆರಂಭವಾಗಿ ಮುಟ್ಟು ಬರುತ್ತದೆ, ಬಸಿರಿಗೆ ಅಡ್ಡಿಯಾದ ಪುರಾವೆಯಿಲ್ಲ. ಪರೀಕ್ಷೆಗೆ ಹೋದವರಿಗೆಲ್ಲ ಇಂಜೆಕ್ಷನ್ ಬೇಕಾಗುವುದೂ ಇಲ್ಲ. ಎರಡು ವರ್ಷದೊಳಗಿನ ಕೂಸಿನ ಎದೆ ಉಬ್ಬುವುದು ಬಹುತೇಕ ತಾನೇ ಇಳಿಯುತ್ತದೆ. ಬರೀ ಕಂಕುಳ ವಾಸನೆ, ಕೂದಲು ಮಾತ್ರ ಬಂದಿದ್ದರೆ ಅದು ಎಷ್ಟೋ ಸಲ ನಿಜವಾದ ಪ್ರೌಢತೆಯೇ ಅಲ್ಲ. ಆದರೆ ತಪಾಸಣೆ ಮಾಡಿಸದೆ ಇದನ್ನು ನಾವೇ ತೀರ್ಮಾನಿಸಬಾರದು. ಹುಡುಗರ ವಿಷಯದಲ್ಲಂತೂ ತಡ ಬೇಡವೇ ಬೇಡ. ಹುಡುಗಿಯರಲ್ಲಿ ಬಹಳಷ್ಟು ಸಲ ಯಾವ ರೋಗವೂ ಸಿಗುವುದಿಲ್ಲ. ಹುಡುಗರಲ್ಲಿ ಮಿದುಳಿನಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಕಾರಣ ಅಡಗಿರುವ ಸಾಧ್ಯತೆ ಹೆಚ್ಚು. ಸಾನಪಾಡಾದವರು ಹಾರ್ಬರ್ ಲೈನ್ ಹಿಡಿದು ಕುರ್ಲಾದಲ್ಲಿ ಗಾಡಿ ಬದಲಿಸಿದರೆ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ ದೂರವಲ್ಲ. ಹೋಗುವಾಗ ಶಾಲೆಯ ಹಳೆಯ ಎತ್ತರ-ತೂಕದ ದಾಖಲೆ ಜೊತೆಗಿರಲಿ. ಎತ್ತರ ಯಾವಾಗಿನಿಂದ ಜಿಗಿಯಿತು ಎಂಬುದು ಅದರಲ್ಲಿ ಸಿಗುತ್ತದೆ. ಎಂಟರ ಹುಡುಗಿಯ ಮೈ ಬೆಳೆದಿದ್ದರೂ ಬುದ್ಧಿ ಎಂಟರದ್ದೇ. ನಿನ್ನ ತಪ್ಪೇನೂ ಇಲ್ಲ ಎಂಬ ಮಾತನ್ನು ಅವಳು ಮೊದಲು ಅಮ್ಮನ ಬಾಯಲ್ಲಿ ಕೇಳಬೇಕು, ಕ್ಲಾಸಿನ ಹುಡುಗರು ಆಡಿಕೊಳ್ಳುವುದಕ್ಕೂ ಮುಂಚೆ.