ಕಚೇರಿಯ ಪರದೆಗೆ ಸ್ಲೈಡ್ ಸಿದ್ಧಪಡಿಸುವ ಬಗೆ



ನಮ್ಮ ಕಚೇರಿಯ ವರಾಂಡದಲ್ಲಿ ಗೋಡೆಗೆ ಹಾಕಿರುವ 43 ಇಂಚಿನ ಟಿ.ವಿ.ಯನ್ನು ನೀವೆಲ್ಲ ನೋಡಿದ್ದೀರಿ. ಅರ್ಜಿ ಎಂದಿನಿಂದ ಕೊಡುತ್ತಾರೆ, ಯಾವ ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು ಎಂಬುದೆಲ್ಲ ಅದರಲ್ಲಿ ಒಂದಾದ ಮೇಲೊಂದು ಬರುತ್ತದೆ. ಸೂಚನಾ ಫಲಕಕ್ಕೆ ಕಾಗದ ಅಂಟಿಸಿದರೆ ಸಾಲದೇ ಎಂದು ಕೆಲವು ದಾನಿಗಳು ಕೇಳಿದ್ದುಂಟು. ಆ ಸ್ಲೈಡುಗಳನ್ನು ಮಾಡುವ ಕೆಲಸ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದಿರುವುದರಿಂದ, ಅದು ಹೇಗೆ ನಡೆಯುತ್ತದೆ ಎಂದು ಈ ವರದಿಯಲ್ಲಿ ಬರೆಯಲು ಹೇಳಿದ್ದಾರೆ. ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ಹಿಂದಿನ ವರ್ಷದ ಫೈಲನ್ನೇ ತೆರೆದು, ಅದರ ಮೇಲೆಯೇ ತಿದ್ದುವುದು ನನ್ನ ರೂಢಿಯಾಗಿತ್ತು. ಆ ವರ್ಷ ಅರ್ಜಿಯ ಕೊನೆಯ ದಿನ ಸೆಪ್ಟೆಂಬರ್ 30 ಇತ್ತು. 2025ರಲ್ಲಿ ಸೆಪ್ಟೆಂಬರ್ 15ಕ್ಕೆ ಬಂದಿತ್ತು. ಮೊದಲ ಸ್ಲೈಡಿನಲ್ಲಿ ತಿದ್ದಿದೆ. ದಾಖಲೆಗಳ ಪಟ್ಟಿಯ ಸ್ಲೈಡಿನಲ್ಲೂ ಕೆಳಗೆ ಸಣ್ಣದಾಗಿ ಅದೇ ದಿನಾಂಕವಿತ್ತು, ಅದು ಕಣ್ಣಿಗೆ ಬೀಳಲಿಲ್ಲ. 22ರಂದು ಹಾನಗಲ್ಲಿನ ಕಡೆಯಿಂದ ಒಬ್ಬ ತಾಯಿ ಬಸ್ಸು ಹಿಡಿದು ಬಂದರು. ಅವಧಿ ಮುಗಿಯಿತು ಎಂದಾಗ ಅವರು, "ಟೀಚರ್, ನಿಮ್ಮ ಟಿ.ವಿ.ಯೊಳಗ 30ನೇ ತಾರೀಖು ಅಂತ ಐತಲ್ರೀ. ಕೂಲಿ ಬಿಟ್ಟು ಬಂದೀನ್ರೀ" ಎಂದು ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಫೋಟೋ ತೋರಿಸಿದರು. ತಪ್ಪು ನಮ್ಮದಾದ್ದರಿಂದ ಸಮಿತಿಯವರು ಮಗಳ ಅರ್ಜಿ ತೆಗೆದುಕೊಂಡರು. ಆದರೆ ಫೋಟೋ ತೆಗೆದುಕೊಳ್ಳದೆ, ಕೇಳಲು ಸಂಕೋಚಪಟ್ಟು ಬಾಗಿಲಿನಿಂದಲೇ ಹಿಂತಿರುಗಿದವರು ಎಷ್ಟು ಮಂದಿಯೋ. ಆ ಲೆಕ್ಕ ನಮ್ಮ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಅಂದಿನಿಂದ ಹಳೆಯ ಫೈಲಿನ ಮೇಲೆ ತಿದ್ದುವುದನ್ನು ಬಿಟ್ಟು ಟೆಂಪ್ಲೇಟ್ ಮಾಡಿಕೊಂಡಿದ್ದೇವೆ. ಟೆಂಪ್ಲೇಟ್ ಎಂದರೆ ಶಾಲೆಯ ಪ್ರಗತಿ ಪತ್ರ ಇದ್ದ ಹಾಗೆ. ಶಾಲೆಯ ಹೆಸರು, ವಿಷಯಗಳು, ಗೆರೆಗಳು ಎಲ್ಲವೂ ಅಚ್ಚಾಗಿರುತ್ತವೆ. ಶಿಕ್ಷಕರು ತುಂಬುವುದು ಮಗುವಿನ ಹೆಸರು ಮತ್ತು ಅಂಕ ಮಾತ್ರ. ಗೆರೆಯನ್ನು ಅಳಿಸಲು ಬಯಸಿದರೂ ಬರುವುದಿಲ್ಲ.

ಪವರ್‌ಪಾಯಿಂಟ್‌ನಲ್ಲಿ ಈ ಅಚ್ಚಿನ ಭಾಗಕ್ಕೆ ಸ್ಲೈಡ್ ಮಾಸ್ಟರ್ ಎನ್ನುತ್ತಾರೆ. ವ್ಯೂ ಮೆನುವಿನಲ್ಲಿ ಸಿಗುತ್ತದೆ. ಹಣ ಕೊಡದೆ ಸಿಗುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಇಂಥದೇ ವ್ಯವಸ್ಥೆಯಿದೆ. ಸಂಸ್ಥೆಯ ಹೆಸರು, ಲಾಂಛನ, ಹಿನ್ನೆಲೆ ಬಣ್ಣವನ್ನು ಮಾಸ್ಟರಿನಲ್ಲಿ ಇಟ್ಟರೆ, ಸಾಮಾನ್ಯ ಪುಟದಲ್ಲಿ ಕೆಲಸ ಮಾಡುವವರ ಕೈಗೆ ಅವು ಸಿಗುವುದಿಲ್ಲ, ಜರುಗುವುದೂ ಇಲ್ಲ. ತುಂಬಬೇಕಾದ ಜಾಗಕ್ಕೆ ಪ್ಲೇಸ್‌ಹೋಲ್ಡರ್ ಎಂಬ ಖಾಲಿ ಚೌಕಟ್ಟು ಇಡುತ್ತೇವೆ. ಅದರೊಳಗೆ "ಇಲ್ಲಿ ಕೋರ್ಸಿನ ಹೆಸರು ಬರೆಯಿರಿ" ಎಂಬ ಸೂಚನೆಯನ್ನು ಬರೆದಿಡಬಹುದು. ಏನನ್ನೂ ತುಂಬದೆ ಬಿಟ್ಟರೆ ಆ ಸೂಚನೆ ಪ್ರದರ್ಶನದಲ್ಲಿ ಕಾಣುವುದಿಲ್ಲ, ಆದ್ದರಿಂದ ಗಾಬರಿ ಬೇಡ. ಎಲ್ಲ ಮುಗಿದ ಮೇಲೆ ಮಾಮೂಲಿ ಫೈಲಾಗಿ ಉಳಿಸದೆ ಟೆಂಪ್ಲೇಟ್ ಎಂದೇ ಉಳಿಸಬೇಕು. ಆಗ ಅದರ ಮೇಲೆ ಎರಡು ಸಲ ಒತ್ತಿದರೆ ಮೂಲ ಹಾಗೇ ಉಳಿದು, ಹೊಸ ಪ್ರತಿ ತೆರೆದುಕೊಳ್ಳುತ್ತದೆ.

ಇನ್ನು ದಿನಾಂಕದ ವಿಷಯ. ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಫೂಟರ್, ಅಂದರೆ ಪುಟದ ಅಡಿಯ ಸಾಲು. ಸಾಮಾನ್ಯವಾಗಿ ಅದರಲ್ಲಿ ಕಂಪನಿಯ ಹೆಸರನ್ನೋ ಪುಟದ ಸಂಖ್ಯೆಯನ್ನೋ ಸಣ್ಣದಾಗಿ ಹಾಕುತ್ತಾರೆ. ನಾವು ಮಾಸ್ಟರಿನಲ್ಲಿ ಆ ಚೌಕಟ್ಟನ್ನು ಹಿಗ್ಗಿಸಿ, ಹಳದಿ ಪಟ್ಟಿಯ ಮೇಲೆ ದಪ್ಪ ಅಕ್ಷರ ಬರುವಂತೆ ಮಾಡಿದೆವು. ಇನ್ಸರ್ಟ್ ಮೆನುವಿನಲ್ಲಿ ಹೆಡರ್ ಮತ್ತು ಫೂಟರ್ ತೆರೆದು, ಕೊನೆಯ ದಿನಾಂಕವನ್ನು ಒಮ್ಮೆ ಬರೆದು, ಎಲ್ಲದಕ್ಕೂ ಅನ್ವಯಿಸು ಎಂಬ ಗುಂಡಿ ಒತ್ತಿದರೆ ಎಂಟೂ ಸ್ಲೈಡುಗಳಲ್ಲಿ ಅದೇ ದಿನಾಂಕ ಬರುತ್ತದೆ. ಬೇರೆಲ್ಲೂ ದಿನಾಂಕ ಬರೆಯಬಾರದು ಎಂಬುದು ಈಗ ಕಚೇರಿಯ ನಿಯಮ. ಒಂದು ಎಚ್ಚರಿಕೆಯೂ ಬೇಕು: ಯಾವುದಾದರೂ ಲೇಔಟಿನಲ್ಲಿ ಫೂಟರಿನ ಚೌಕಟ್ಟನ್ನೇ ಅಳಿಸಿಬಿಟ್ಟಿದ್ದರೆ ಆ ಸ್ಲೈಡಿನಲ್ಲಿ ಸಾಲು ಬರುವುದಿಲ್ಲ. ಒಮ್ಮೆ ಎಲ್ಲವನ್ನೂ ಓಡಿಸಿ ನೋಡಲೇಬೇಕು.

ದಿನಾಂಕದ ಜೊತೆ ವಾರವನ್ನೂ ವರ್ಷವನ್ನೂ ಬರೆಯುತ್ತೇವೆ. "15-09" ಎಂದಷ್ಟೇ ಬರೆದರೆ ಅದು ಯಾವ ವರ್ಷದ್ದೆಂದು ಯಾರಿಗೆ ಗೊತ್ತು? "ಸೆಪ್ಟೆಂಬರ್ 15, 2025, ಸೋಮವಾರ" ಎಂದಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಹಳೆಯ ಸಾಲನ್ನು ನಕಲು ಮಾಡಿ ವರ್ಷ ಮಾತ್ರ ತಿದ್ದಿದವರು ವಾರದಲ್ಲಿ ಸಿಕ್ಕಿಬೀಳುತ್ತಾರೆ. 2024ರಲ್ಲಿ ಅದೇ ದಿನ ಭಾನುವಾರವಾಗಿತ್ತು. ಗೋಡೆಯ ಕ್ಯಾಲೆಂಡರ್ ನೋಡಿದರೆ ತಪ್ಪು ತಾನಾಗಿಯೇ ಗೊತ್ತಾಗುತ್ತದೆ.

ಕನ್ನಡದ ವಿಷಯದಲ್ಲಿ ಕೆಲವು ಕಷ್ಟಗಳಿವೆ. ಪೇಟೆಯಲ್ಲಿ ಸಿಗುವ ಸಿದ್ಧ ಟೆಂಪ್ಲೇಟುಗಳನ್ನು ಇಂಗ್ಲಿಷಿಗಾಗಿ ಮಾಡಿರುತ್ತಾರೆ. ಅವುಗಳ ಸಾಲುಗಳ ನಡುವಿನ ಅಂತರ ನಮ್ಮ ಒತ್ತಕ್ಷರಗಳಿಗೆ ಸಾಲುವುದಿಲ್ಲ. "ವಿದ್ಯಾರ್ಥಿನಿಯರಿಗೆ", "ಶುಲ್ಕ", "ರಾಷ್ಟ್ರೀಕೃತ ಬ್ಯಾಂಕ್" ಎಂದು ಬರೆದು ನೋಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತದ ಮೇಲೆ ಕುಳಿತುಬಿಡುತ್ತದೆ. ನಾವು ಸಾಲಿನ ಅಂತರವನ್ನು 1.3 ಎಂದು ಮಾಸ್ಟರಿನಲ್ಲೇ ಇಟ್ಟಿದ್ದೇವೆ. ನಮ್ಮ ಪದಗಳೂ ಉದ್ದ, ಹಾಗಾಗಿ ಚೌಕಟ್ಟು ಅಗಲವಾಗಿರಬೇಕು. ಪದ ಹಿಡಿಸದಿದ್ದಾಗ ಅಕ್ಷರವನ್ನು ತಾನಾಗಿಯೇ ಚಿಕ್ಕದು ಮಾಡುವ ಆಟೋಫಿಟ್ ಎಂಬ ಸೌಲಭ್ಯವಿದೆ, ಅದನ್ನು ನಿಲ್ಲಿಸಿದ್ದೇವೆ. ಅದು ಇದ್ದರೆ ಬರೆಯುವವರು ಬರೆಯುತ್ತಲೇ ಹೋಗುತ್ತಾರೆ, ಅಕ್ಷರ ಇರುವೆಯಷ್ಟಾಗುತ್ತದೆ.

ಅಕ್ಷರದ ಗಾತ್ರಕ್ಕೆ ಒಂದು ಸ್ಥೂಲ ಲೆಕ್ಕ ಇದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. 43 ಇಂಚಿನ ಪರದೆಯ ಎತ್ತರ ಸುಮಾರು 21 ಇಂಚು. ನಮ್ಮ ಬೆಂಚು ಪರದೆಯಿಂದ ಹತ್ತು ಅಡಿ ದೂರದಲ್ಲಿದೆ. ಲೆಕ್ಕ ಹಾಕಿ 40 ಪಾಯಿಂಟಿಗಿಂತ ಕಡಿಮೆ ಎಲ್ಲೂ ಇಡಬಾರದೆಂದು ತೀರ್ಮಾನಿಸಿದೆವು. ಅದರಿಂದ ಒಂದು ಸ್ಲೈಡಿಗೆ ಐದು ಸಾಲು ಮಾತ್ರ. ಅಧ್ಯಕ್ಷರ ಸಂದೇಶಕ್ಕೆ ಜಾಗವಿಲ್ಲವೇ ಎಂದು ಸಭೆಯಲ್ಲಿ ಪ್ರಶ್ನೆ ಬಂತು. ಇಲ್ಲವೆಂದೆ, ನಕ್ಕರು.

ಫಾಂಟ್ ಯೂನಿಕೋಡ್ ಆಗಿರಲೇಬೇಕು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಮುಂದಿನ ವರ್ಷ ನನ್ನ ಜಾಗದಲ್ಲಿ ಕೂರುವವರು ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗಬಹುದು. ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ನಮಗೆ ಸಾಕಾಗಿದೆ. ಉರ್ದು ಸಾಲಿಗೆ ಅದೇ ಬಳಗದ ನಸ್ತಾಲೀಖ್ ಫಾಂಟ್ ಇದೆ. ಉರ್ದು ಬಲದಿಂದ ಎಡಕ್ಕೆ ಹೋಗುವುದರಿಂದ ಅದಕ್ಕೆ ಪ್ರತ್ಯೇಕ ಲೇಔಟ್ ಮಾಡಿದ್ದೇವೆ. ಕನ್ನಡದ ಚೌಕಟ್ಟಿನಲ್ಲೇ ತುರುಕಲು ಹೋಗಿ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಪರದೆಯ ಅಂಚನ್ನು ಕೆಲವು ಟಿ.ವಿ.ಗಳು ಸ್ವಲ್ಪ ಕತ್ತರಿಸಿ ತೋರಿಸುತ್ತವೆ. ಸ್ಲೈಡಿನ ಅಳತೆ 16:9 ಇಟ್ಟು, ನಾಲ್ಕೂ ಕಡೆ ಶೇಕಡಾ 5ರಷ್ಟು ಜಾಗ ಖಾಲಿ ಬಿಟ್ಟರೆ ಚಿಂತೆಯಿಲ್ಲ.

ಸಿದ್ಧವಾದದ್ದನ್ನು ವಿಡಿಯೋ ಆಗಿ ಉಳಿಸಿ ಪೆನ್‌ಡ್ರೈವಿನ ಮೂಲಕ ಟಿ.ವಿ.ಗೆ ಹಾಕುತ್ತೇವೆ. ಮೊದಲು ಒಂದೊಂದು ಸ್ಲೈಡನ್ನೂ ಚಿತ್ರವಾಗಿ ಹಾಕುತ್ತಿದ್ದೆವು, ಆಗ ಹಳೆಯ ಚಿತ್ರವೊಂದು ಅಳಿಸದೆ ಉಳಿದು ನಡುವೆ ಇಣುಕುತ್ತಿತ್ತು. ವಿಡಿಯೋ ಒಂದೇ ಫೈಲು. ಇದ್ದರೆ ಪೂರ್ತಿ ಹೊಸದು, ಇಲ್ಲದಿದ್ದರೆ ಪೂರ್ತಿ ಹಳೆಯದು. ಫೈಲಿನ ಹೆಸರಿನಲ್ಲೇ ಅದನ್ನು ತೆಗೆಯಬೇಕಾದ ದಿನ ಬರೆದಿರುತ್ತೇವೆ. ಪ್ರತಿ ಸ್ಲೈಡು 15 ಸೆಕೆಂಡು ನಿಲ್ಲುತ್ತದೆ. ಎಂಟು ಸ್ಲೈಡಿಗೆ ಎರಡು ನಿಮಿಷ, ಒಂದು ತಪ್ಪಿದರೂ ಕಾದು ನೋಡಬಹುದು. ಈ 15 ಸೆಕೆಂಡನ್ನು ನನ್ನ ಓದಿನ ವೇಗದಿಂದ ಅಳೆಯಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ತಾಯಂದಿರಿಗೆ ಗಟ್ಟಿಯಾಗಿ ಓದಲು ಹೇಳಿ, ಅತಿ ನಿಧಾನವಾಗಿ ಓದಿದವರಿಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟನ್ನು ಇಟ್ಟೆವು.

ಪರದೆಗೆ ಏನು ಹಾಕುವುದಿಲ್ಲ ಎಂಬುದನ್ನೂ ಹೇಳಬೇಕು. ಆಯ್ಕೆಯಾದ ಮಕ್ಕಳ ಹೆಸರು, ಫೋಟೋ, ಬ್ಯಾಂಕ್ ಖಾತೆ ಹಾಕುವುದಿಲ್ಲ. ಅರ್ಜಿ ಸಂಖ್ಯೆ ಮಾತ್ರ. ಅಕ್ಕಪಕ್ಕದವರ ಮುಂದೆ ಯಾವ ಮಗುವೂ ತಲೆ ತಗ್ಗಿಸುವಂತಾಗಬಾರದು. ದಾನಿಗಳ ಹೆಸರು ಹಾಕೋಣವೇ ಎಂದು ಕೇಳಿದಾಗ ಬಹಳ ಮಂದಿ ಬೇಡವೆಂದರು, ಅದನ್ನೂ ಬಿಟ್ಟೆವು.

ಈಗ ತಿದ್ದುವ ಕೆಲಸವನ್ನು ಪದವಿ ಓದುತ್ತಿರುವ ನಮ್ಮ ಇಬ್ಬರು ವಿದ್ಯಾರ್ಥಿನಿಯರು ಮಾಡುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅರ್ಜಿ ನಮೂನೆಯ ಜೊತೆ ಹಿಡಿದು ಓದಿ, ರಿಜಿಸ್ಟರಿನಲ್ಲಿ ಸಹಿ ಹಾಕಿದ ಮೇಲೆಯೇ ಪೆನ್‌ಡ್ರೈವ್ ಟಿ.ವಿ.ಗೆ ಹೋಗುತ್ತದೆ. ಕಲಿಯಬಯಸುವ ಮಕ್ಕಳಿದ್ದರೆ ಶನಿವಾರ ಮಧ್ಯಾಹ್ನ ಕಚೇರಿಗೆ ಕಳಿಸಿ, ಎರಡು ಗಂಟೆಯಲ್ಲಿ ಹೇಳಿಕೊಡುತ್ತೇನೆ. ಪೋಷಕರು ಪರದೆಯ ಫೋಟೋ ತೆಗೆದುಕೊಳ್ಳಲು ಸಂಕೋಚಪಡಬೇಡಿ. ಪರದೆಯಲ್ಲಿರುವುದಕ್ಕೂ ಅರ್ಜಿ ನಮೂನೆಯಲ್ಲಿ ಅಚ್ಚಾಗಿರುವುದಕ್ಕೂ ವ್ಯತ್ಯಾಸ ಕಂಡರೆ ಅಂದೇ ಕಚೇರಿಯಲ್ಲಿ ತಿಳಿಸಿ.